ರಾಯಭಾರಿ ಬಾಯಿ ಬಿಟ್ಟಿದ್ದಕ್ಕೆ

ಪತ್ರಕರ್ತನೊಬ್ಬನನ್ನು ಜೈಲಿಗೆ ಹಾಕಿದ್ದು ತಪ್ಪೆಂದು ವಿದೇಶಿ ರಾಯಭಾರಿ ಟಿವಿಯಲ್ಲಿ ಹೇಳಿದರು. ಕೆರಳಿದ ಮಂತ್ರಿ ಅವರನ್ನು ಕೂಡಲೇ ಕರೆಸಿದರು.

"ನಮ್ಮನೆ ಜಗಳಕ್ಕೆ ನೀವ್ಯಾಕ್ರೀ ಮೂಗು ತೂರಿಸ್ತೀರಿ? ನೆಂಟರು ಕಾಫಿ ಕುಡಿದು ಎದ್ದು ಹೋಗ್ಬೇಕು!"

"ಕಾಫಿ ಇನ್ನೂ ಬಂದಿಲ್ಲ," ಎಂದರು ರಾಯಭಾರಿ.

"ಖಾಫೀ ಯಿನ್ನೂ ಭಂದಿಲ್ಲಾ!" ಮಂತ್ರಿ ಅವರದೇ ಧಾಟಿಯಲ್ಲಿ ಅಣಕಿಸಿದರು. ಸುತ್ತ ನಿಂತಿದ್ದ ಅಧಿಕಾರಿಗಳು ಕಿಸಕ್ಕನೆ ನಕ್ಕರು. "ಇನ್ನೊಂದ್ಸಲ ಬಾಯ್ಬಿಟ್ರೆ ವಿಮಾನ ಹತ್ತಿಸ್ತೀನಿ, ಹುಷಾರ್!"

"ಆ ಪತ್ರಕರ್ತನನ್ನು ಇವತ್ತೇ ಬಿಟ್ಟುಬಿಡಿ. ನಾನು ಮತ್ತೆಂದೂ ತುಟಿ ಬಿಚ್ಚುವುದಿಲ್ಲ."

ಮಂತ್ರಿಯ ಮುಖ ಇಳಿದುಹೋಯಿತು. ಅಧಿಕಾರಿಗಳನ್ನೆಲ್ಲ ಹೊರಗೆ ಕಳಿಸಿ, ತಾವೇ ಎದ್ದು ಬಾಗಿಲು ಹಾಕಿದರು.

"ಅವನನ್ನ ಬೇಕಾದ್ರೆ ಸಂಜೆಗೇ ಬಿಡ್ತೀನಿ ಸಾರ್. ಎಲೆಕ್ಷನ್ ಮುಗಿಯೋತನಕ ನೀವು ಮಾತ್ರ ಸುಮ್ನಾಗ್ಬೇಡಿ. ಭಾಷಣದಲ್ಲಿ ನಾನ್ಯಾರನ್ನ ಬೈಲಿ?"