ಬೋರಣ್ಣನ ದೋಣಿಯ ಅಂಚು

ವಾರ್ನಿಷ್ ವಾಸನೆ ಮೂಗಿಗೆ ತಾಕಿದರೆ ಈಗಲೂ ಕಣ್ವ ಜಲಾಶಯದ ದಂಡೆಯ ಆ ಮಧ್ಯಾಹ್ನ ಕಣ್ಣಮುಂದೆ ಬರುತ್ತದೆ.

ನನ್ನ ಅಬ್ಬಾ ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುತ್ತಿದ್ದರು. ಜಲಾಶಯದಲ್ಲಿ ಮೀನು ಹಿಡಿಯುವ ಬೋರಣ್ಣನ ದೋಣಿಯ ಮಹಾಗನಿ ಅಂಚಿಗೂ ಬೊಂಬೆಯ ಅರಗನ್ನೇ ಬಳಿದಿದ್ದರು. ವಾರದೊಳಗೆ ನೀರು ತಾಕಿ ಅದು ಬೆಳ್ಳಗಾಗಿ ಚಕ್ಕೆಯೆದ್ದಿತ್ತು.

“ಬೊಂಬೆ ಈಜಾಕಿಲ್ಲ ಸಾಬ್ರೇ, ದೋಣಿ ಈಜ್ಬೇಕು,” ಎಂದ ಬೋರಣ್ಣ. ದಂಡೆಯಲ್ಲಿದ್ದವರೆಲ್ಲ ನಕ್ಕರು.

“ತಪ್ಪು ನಂದೇ ಕಣಣ್ಣ,” ಎಂದು ಅಬ್ಬಾ ಅರಗನ್ನೆಲ್ಲ ಹೆರೆದು, ಮರವನ್ನು ಉಪ್ಪುಕಾಗದದಿಂದ ಉಜ್ಜಿದರು. ವಾರ್ನಿಷ್ ಡಬ್ಬಿ ತೆರೆಯುವ ಮೊದಲು ನನ್ನನ್ನು ಕರೆದರು. “ಕಣ್ಣು ಮುಚ್ಚಿ ಸವರಿ ನೋಡು, ಬೇಟಿ.”

ಒಂದು ಕಡೆ ಹುಣಸೆ ಎಲೆಯಷ್ಟು ಜಾಗ ಬೆರಳಿಗೆ ತಡೆಯಿತು. ಅಷ್ಟು ಜನರ ಮುಂದೆ ಹೇಳಲು ನಾಚಿಕೆಯಾಯಿತು. ಆದರೂ ಹೇಳಿದೆ. “ಅಬ್ಬಾ, ಇಲ್ಲಿ ಒಸಿ ಒರಟೈತೆ.”

“ಬುಡಿ ಸಾಬ್ರೇ, ಅದ್ಯಾರಿಗೆ ಕಾಣ್ತದೆ?” ಎಂದ ಬೋರಣ್ಣ.

“ನನ್ನ ಮಗಳಿಗೆ ಕಂಡೈತಲ್ಲ,” ಎಂದು ಅಬ್ಬಾ ಮತ್ತೆ ಉಜ್ಜತೊಡಗಿದರು.