ಕಾರ್ಡು ಸಡಿಲಿಸಿದವರು

"ಇದು ಆಪಾಂದ ಕೆಲಸ, ಅಬ್ಬಾ. ಹೊಟ್ಟಿಕಿಚ್ಚು ಅಕಿಗೆ!"

ಆಫ್ತಾಬ ಕುರ್ಚಿಯಿಂದ ಜಿಗಿದೆದ್ದು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕ ತಬಸ್ಸುಮಳತ್ತ ಬೆರಳು ತೋರಿಸಿದ. ಆಟ ಶುರುವಾಗಿ ಐದು ನಿಮಿಷವಾಗಿರಲಿಲ್ಲ, ಕಂಪ್ಯೂಟರಿನ ಪರದೆ ಕಪ್ಪಾಗಿ ಕುಳಿತಿತ್ತು. ನರಗುಂದದಿಂದ ತಮ್ಮ ಕಂಪ್ಯೂಟರುಗಳನ್ನು ಬಸ್ಸಿನಲ್ಲಿ ಹೊತ್ತು ತಂದು ಪಂದ್ಯಕ್ಕೆ ಕುಳಿತಿದ್ದ ಗೆಳೆಯರು ಮುಖ ಮುಖ ನೋಡಿಕೊಂಡರು.

ತಬಸ್ಸುಮ ಹಿಂದೆ ಸರಿಯಲಿಲ್ಲ.

"ನಾ ಮಾಡೂದಿದ್ರ ನಿನ್ನ ಮುಂದ ನಿಂತ ಒಡದ ಹಾಕತಿದ್ದೆ. ಕಳ್ಳರಂಗ ಯಾಕ ಮಾಡ್ಲಿ?"

ಸಿಟ್ಟಿಗೆ ಕಾರಣವಂತೂ ಇತ್ತು. ಗದಗಿನಲ್ಲಿ ಕಂಪ್ಯೂಟರ್ ರಿಪೇರಿ ಕಲಿಸುವ ಕ್ಲಾಸಿಗೆ ಸೇರಿದ ವಾರದಲ್ಲೇ ಅವಳನ್ನು ಬಿಡಿಸಿದ್ದರು. ಅಲ್ಲಿರುವವರೆಲ್ಲ ಹುಡುಗರೇ ಎಂದು ಯಾರೋ ಅವಳ ತಂದೆ ಅಬ್ದುಲಮಜೀದರ ಕಿವಿ ಕಚ್ಚಿದ್ದರು. ಗಜೇಂದ್ರಗಡದ ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟು ಹೆಸರು ಮಾಡಿದ ಮನುಷ್ಯನಿಗೆ ಅಷ್ಟೇ ಸಾಕಾಯಿತು. ಅದೇ ತಿಂಗಳು ಮಗನಿಗೆ ದೊಡ್ಡ ಗ್ರಾಫಿಕ್ಸ್ ಕಾರ್ಡು ಹಾಕಿದ ಕಂಪ್ಯೂಟರ್ ಬಂತು. ಯಾತಕ್ಕೆ? ಆಟ ಆಡಲಿಕ್ಕೆ! "ನಾ ಕಲೀತೀನಿ ಅಂದ್ರ ಕಲೀತೀನಿ" ಎಂದು ತಬಸ್ಸುಮ ಗಿರಾಕಿಗಳ ಎದುರೇ ತಂದೆಗೆ ಹೇಳಿ ಬಂದಿದ್ದಳು. ಎಲ್ಲಿ, ಹೇಗೆ ಎಂಬುದು ಮಾತ್ರ ಅವಳಿಗೇ ಗೊತ್ತಿರಲಿಲ್ಲ.

ಆ ಜಗಳದಲ್ಲಿ ತಾಯಿ ಖಾಜಾಬಿ ತುಟಿ ಬಿಚ್ಚಲಿಲ್ಲ. ಗಂಡನಿಗೆ ಅವಳು ಎದುರಾಡಿದ್ದನ್ನು ಕಂಡವರೇ ಇಲ್ಲ. ತಬಸ್ಸುಮಳಿಗೆ ತಂದೆಗಿಂತ ತಾಯಿಯ ಮೇಲೇ ಹೆಚ್ಚು ಸಿಟ್ಟು.

ಪರದೆ ಹೀಗಾಗುವುದು ಇದೇ ಮೊದಲಲ್ಲ. ಮೊದಲ ಸಲ ಕಪ್ಪಾದಾಗ ರೋಣದಿಂದ ಮೆಕ್ಯಾನಿಕ್ ಅಂದಾನಪ್ಪನನ್ನು ಕರೆಸಿದ್ದರು. ಹೊರಗಿನ ಗಂಡಸು ಒಳಕೋಣೆಗೆ ಬಂದರೆ ಹೆಣ್ಣುಮಕ್ಕಳು ಅಡಿಗೆಮನೆ ಸೇರುವುದು ಆ ಮನೆಯ ರೂಢಿ. ಖಾಜಾಬಿ ಮಗಳನ್ನು ತಡೆದು ನಿಲ್ಲಿಸಿದಳು.

"ಬ್ಯಾಟರಿ ಬೆಳಕ ಹಿಡಕೊಂಡ ಅವನ ಬಾಜೂ ನಿಲ್ಲು. ಹೊಸಾದ ಬಿಚ್ಚಿ ಹಳೇದ ಹಾಕಿ ಹೋಗತಾರ ಇಂಥವರು. ಏನ ತಗದಾ, ಎಲ್ಲಿ ಹಾಕಿದಾ, ಎಲ್ಲಾ ಕಣ್ಣಿಟ್ಟ ನೋಡು."

ಅಬ್ದುಲಮಜೀದರು ತಲೆಯಾಡಿಸಿದರು. ವ್ಯಾಪಾರಿಗೆ ಮೋಸದ ಭಯ ಎಲ್ಲಕ್ಕಿಂತ ದೊಡ್ಡದು.

ತಾನು ಹೊಸ್ತಿಲ ಬಳಿ ಅಕ್ಕಿ ಆರಿಸುತ್ತ ಕುಳಿತ ಖಾಜಾಬಿ ಅಂದಾನಪ್ಪನ ತಲೆ ತಿಂದಳು. ಅದೇನು? ಅದನ್ನ ಯಾಕ ತಗದಿ? ಈ ವೈರ್ ಕಿತ್ತರ ಏನಾಗತೈತಿ? ಪಾಪ, ಅಂದಾನಪ್ಪ ಬೆವರು ಒರೆಸಿಕೊಳ್ಳುತ್ತ ಉತ್ತರ ಕೊಟ್ಟ. "ಇದು ಕಾರ್ಡ್ ರೀ ಚಾಚಿ. ಧೂಳ ಕುಂತು ಸಡ್ಲ ಆಗೇತಿ." ರಬ್ಬರಿನಿಂದ ಕಾರ್ಡಿನ ಅಂಚು ಉಜ್ಜಿ, ಒತ್ತಿ ಕೂಡಿಸಿ, ತಿರುಪು ಬಿಗಿದ. ಪರದೆ ಬೆಳಗಿತು.

ಬೆಳಗಿದ್ದು ಹೆಚ್ಚು ದಿನ ಉಳಿಯಲಿಲ್ಲ. ಒಮ್ಮೆ ತಿರುಪೇ ಸಡಿಲವಾಗಿತ್ತು. ಇನ್ನೊಮ್ಮೆ ಕಾರ್ಡಿಗೆ ಕರೆಂಟು ಕೊಡುವ ವೈರು ಕಳಚಿತ್ತು. ಪ್ರತಿ ಸಲವೂ ಅಂದಾನಪ್ಪ ಬಂದ, ತಬಸ್ಸುಮ ಬ್ಯಾಟರಿ ಹಿಡಿದಳು, ಖಾಜಾಬಿ ಅಕ್ಕಿ ಆರಿಸಿದಳು. ಬಿಗಿದ ತಿರುಪು ತಾನಾಗಿ ಬಿಚ್ಚುವುದಿಲ್ಲ ಎಂದು ತಬಸ್ಸುಮಳಿಗೆ ಅಷ್ಟರಲ್ಲಿ ತಿಳಿದಿತ್ತು. ಯಾರದೋ ಕೈ ಇದೆ. ಆದರೆ ಯಾರದು?

"ಆ ಅಂದಾನಪ್ಪಂದ," ಎಂದರು ಅಬ್ದುಲಮಜೀದರು ಈಗ. "ಮತ್ತ ಕರೀಲಿ ಅಂತ ಅವನ ಸಡ್ಲ ಮಾಡಿ ಹೋಗತಾನ. ಇನ್ನ ಅವನ ಮಾರಿ ನೋಡೂದಿಲ್ಲ. ನಾಳೆ ಈ ಡಬ್ಬೀನ ಮಾರಿಬಿಡೂದ!"

ಆಫ್ತಾಬನ ಮುಖ ಬಾಡಿತು. ಕದ್ದೋ ಮುಚ್ಚಿಯೋ ತಬಸ್ಸುಮ ಕಲಿಯುತ್ತಿದ್ದದ್ದು ಈ ಒಂದು ಡಬ್ಬಿಯಿಂದ. ಅದೂ ಹೋದರೆ ಉಳಿಯುವುದು ಅಡಿಗೆಮನೆಯೊಂದೇ.

"ಮಾರೂದಿದ್ರ ಮಾರ್ರಿ," ಎಂದಳು. "ಇವತ್ತ ನಾ ಬಿಚ್ಚತೀನಿ."

"ಹುಚ್ಚ ಏನು? ಮಂದಿ ಮುಂದ? ಕೆಡಿಸಿಗಿಡಿಸಿದರ?" ಅಬ್ದುಲಮಜೀದರು ಗದರಿದರು.

"ಹ್ಯಾಂಗೂ ಮಾರೂದೈತಿ, ಕೆಟ್ಟರ ಏನಾತ್ರಿ?" ಖಾಜಾಬಿ ಬಾಗಿಲಿನಿಂದಲೇ ಹೇಳಿದಳು. "ಮಾಡ್ಲಿ ಬಿಡ್ರಿ. ಅಕೀ ಸೊಕ್ಕರ ಇಳೀತೈತಿ."

ತಾಯಿಯೂ ಹೀಗೆಂದಳಲ್ಲ! ತಬಸ್ಸುಮ ಪ್ಲಗ್ ಕಿತ್ತು ಪಕ್ಕದ ತಗಡು ಬಿಚ್ಚಿದಳು.

ತಿರುಪು ಬಿಗಿ. ಕಾರ್ಡು ಬಿಗಿ. ಕರೆಂಟಿನ ವೈರೂ ಜಾಗದಲ್ಲೇ ಇದೆ. ಆಫ್ತಾಬ ನಕ್ಕ. ಅವಳು ಹಿಂದಿನ ಸಲಗಳನ್ನು ನೆನೆದಳು. ಹಿಂದೆಲ್ಲ ಪರದೆ ಮೊದಲಿನಿಂದಲೇ ಕಪ್ಪು. ಇವತ್ತು ನಾಲ್ಕೈದು ನಿಮಿಷ ನಡೆದಿದೆ, ಆಟದ ಭಾರ ಬಿದ್ದ ಮೇಲೆ ಸತ್ತಿದೆ. ಕಾರ್ಡಿಗೆ ಬೆರಳು ಮುಟ್ಟಿಸಿದಳು. ಹಂಚಿನ ಹಾಗೆ ಕಾದಿತ್ತು. ಬ್ಯಾಟರಿ ಹಿಡಿದು ಬಗ್ಗಿದಳು. ಕಾರ್ಡಿನ ಮೇಲಿನ ಪುಟ್ಟ ಫ್ಯಾನಿನ ವೈರು ಕಳಚಿ ಮೂಲೆಗೆ ಮಡಚಿ ಕುಳಿತಿತ್ತು. ಉಗುರಿನಿಂದ ಎತ್ತಿ ಸಿಕ್ಕಿಸಿದಳು.

ಪರದೆ ಬೆಳಗಿತು. ಪಂದ್ಯ ಮುಗಿಯುವವರೆಗೂ ಆರಲಿಲ್ಲ.

"ಅಕ್ಕಾರ, ನಮ್ಮ ಮಷೀನೂ ಒಂದೀಟ ನೋಡ್ರಿ," ಎಂದ ನರಗುಂದದವನೊಬ್ಬ. ಪರವೂರಿನವನ ಬಾಯಲ್ಲಿ ಮಗಳಿಗೆ ಬಂದ ಮರ್ಯಾದೆ ಅಬ್ದುಲಮಜೀದರ ಕಿವಿಗೆ ಬಿತ್ತು. ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು.

"ಸೋಮವಾರ ಗದಗಿಗೆ ಹೋಗೂಣು. ಆ ಕ್ಲಾಸಿಗೆ ನಾನ ಹೆಸರ ಹಚ್ಚಸತೀನಿ."

"ನನ್ನ ಹೆಸರ ನಾನ ಹಚ್ಚತೀನಿ, ಅಬ್ಬಾ," ಎಂದಳು ತಬಸ್ಸುಮ. ಅವರು ಇಲ್ಲವೆನ್ನಲಿಲ್ಲ.

ಗೆದ್ದ ಹುರುಪಿನಲ್ಲಿ ಅಡಿಗೆಮನೆಗೆ ಬಂದವಳಿಗೆ ತಾಯಿಯ ಬೆನ್ನು ಕಂಡಿತು. ಹಳೆಯ ಸಿಟ್ಟೆಲ್ಲ ಒಮ್ಮೆಲೇ ನೆತ್ತಿಗೇರಿತು.

"ಸೊಕ್ಕ ಇಳೀಲಿಲ್ಲ ನೋಡ, ಅಮ್ಮಿ! ಇನ್ನ ಅದರಾಗ ಕೈ ಆಡಸಿದವರ್ನ ಹಿಡದ ಬಿಡತೀನಿ, ಯಾರ ಇರ್ಲಿ!"

ಖಾಜಾಬಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಮೊದಲನೇ ಸಲ ಅದರಷ್ಟಕ್ಕ ಅದ ಕೆಟ್ಟಿತ್ತು, ಬೇಟಿ. ಆಮ್ಯಾಲಿಂದೆಲ್ಲಾ ನಾ ಕೆಡಿಸಿದ್ದು. ಇವತ್ತಿಂದು ನಿನ್ನ ಪರೀಕ್ಷಾ ಇತ್ತು."