ಸಿಗ್ನಲ್ ಬಂತಾ

ಕ್ಯಾಂಪರ್ ವ್ಯಾನಿನ ಹಿಂಭಾಗವನ್ನು ಪ್ರಪಾತದ ಅಂಚಿಗೇ ತಂದು ನಿಲ್ಲಿಸಿದ್ದು ಅವನೇ. ಬೆಳಿಗ್ಗೆ ಹಿಂದಿನ ಬಾಗಿಲು ತೆಗೆದರೆ ಕಣಿವೆಯೇ ಕಾಣಬೇಕಂತೆ. ಅವಳಿಗೆ ಬೇಕಿದ್ದದ್ದು ಆಸ್ಪತ್ರೆಯಲ್ಲಿ ಮಲಗಿದ್ದ ಅಪ್ಪನ ಸುದ್ದಿ. ಬೆಟ್ಟ ಹತ್ತಿದಾಗಿನಿಂದ ಫೋನಿಗೆ ಸಿಗ್ನಲ್ಲೇ ಇರಲಿಲ್ಲ. ಸೋಮವಾರ ಅವನೊಬ್ಬನೇ ಯಾರದೋ ಜೀಪು ಹತ್ತಿ ಕೆಳಗಿನ ಊರಿಂದ ತರಕಾರಿ ತಂದಿದ್ದ. ಅಲ್ಲೂ ಸಿಗ್ನಲ್ ಇಲ್ಲವೆಂದಿದ್ದ.

ಅವಳ ಕಾಟ ತಡೆಯಲಾರದೆ ಇವತ್ತು ಸಿಗ್ನಲ್ ಬೂಸ್ಟರಿನ ಆಂಟೆನಾ ಹಿಡಿದು ವ್ಯಾನಿನ ಮೇಲೆ ಹತ್ತಿದ. ಹಿಂದೆ ಟೀವಿಗೆ ಮಾಡುತ್ತಿದ್ದ ಹಾಗೆಯೇ, ಅವನು ಮೇಲೆ ನಿಂತು ತಿರುಗಿಸುವುದು, ಅವಳು ಒಳಗಿಂದ ಕೂಗಿ ಹೇಳುವುದು.

"ಇಲ್ಲೆಲ್ಲ ಬರಲ್ಲ ಕಣೇ, ನಿನ್ನ ಸಮಾಧಾನಕ್ಕೆ ಹತ್ತಿದೀನಿ. ನನ್ನ ಕಣ್ಣು ಆಂಟೆನಾ ಮೇಲಿರುತ್ತೆ. ಹೆಜ್ಜೆ ಸದ್ದು ನಿನಗೆ ಕೇಳುತ್ತಲ್ಲ, ಅಂಚಿಗೆ ಬಂದ್ರೆ ಹೇಳು."

"ಹೇಳ್ತೀನಿ. ಹುಷಾರು ರೀ."

ತನಗಾಗಿ ಎಷ್ಟು ಕಷ್ಟಪಡುತ್ತಾನೆ ಎನಿಸಿತು ಅವಳಿಗೆ. ಅಷ್ಟರಲ್ಲಿ ಫೋನಿನಲ್ಲಿ ಎರಡು ಕಡ್ಡಿ ಮೂಡಿದವು. ಕೂಗಿ ಹೇಳುವುದನ್ನೂ ಮರೆತು ಕೂಡಲೇ ತಮ್ಮನಿಗೆ ಫೋನ್ ಹಚ್ಚಿದಳು.

"ಅಪ್ಪ ಹೇಗಿದಾರೋ?"



"ಯಾಕಕ್ಕ ಹೀಗೆ ಕೇಳ್ತೀಯ? ಅಪ್ಪ ಭಾನುವಾರವೇ ಹೋಗ್ಬಿಟ್ರು. ಸೋಮವಾರ ಭಾವ ಫೋನ್ ಮಾಡಿದಾಗ ಹೇಳಿದ್ನಲ್ಲ. ನಿಮ್ಮಕ್ಕಂಗೆ ಬರೋಕೆ ಮನಸ್ಸಿಲ್ಲ, ಕಾಯ್ಬೇಡಿ, ಮುಗಿಸ್ಬಿಡಿ ಅಂದ್ರು. ಮುಗಿಸಿದ್ವಿ."

ಮೇಲಿನ ಹೆಜ್ಜೆ ಸದ್ದು ಹಿಂದಿನ ಬಾಗಿಲ ನೇರಕ್ಕೆ ಬಂದು ನಿಂತಿತು.

"ಬಂತೇನೇ?"

ಅವಳು ಫೋನನ್ನು ಮೆಲ್ಲಗೆ ಮಡಿಲಿಗಿಟ್ಟುಕೊಂಡಳು.

"ಇಲ್ಲ ರೀ. ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ, ಜಾಗ ಇದೆ."